ಅಲೆ ಹಿಂದೆ ಸರಿದ ಮೇಲೆ

ದಾನ ಮಾಡುವಾಗ ದೇಶ, ಕಾಲ, ಪಾತ್ರ ಈ ಮೂರನ್ನೂ ನೋಡಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಇದು ಜಿಪುಣರು ಕಟ್ಟಿಕೊಂಡ ನೆಪವೆಂದು ನಕ್ಕವರೂ ಉಂಟು. ಕಣ್ಣೆದುರಿನಲ್ಲಿ ಒಬ್ಬನು ಮುಳುಗುತ್ತಿರುವಾಗ ದೇಶವೇನು, ಕಾಲವೇನು? ಕೈ ನೀಡಿ ದಡಕ್ಕೆ ಎಳೆದುಕೊಳ್ಳುವುದೇ ಧರ್ಮ. ಇದರಲ್ಲಿ ಎರಡು ಮಾತಿಲ್ಲ. ಆದರೆ ದಡ ಸೇರಿದ ಆ ಮನುಷ್ಯನು ಮರುದಿನ ಎಲ್ಲಿ ಮಲಗಬೇಕು, ಏನನ್ನು ಉಣ್ಣಬೇಕು, ಯಾವ ಉದ್ಯೋಗವನ್ನು ಹಿಡಿದು ಮತ್ತೆ ಸಂಸಾರವನ್ನು ತೂಗಿಸಬೇಕು ಎಂಬ ಪ್ರಶ್ನೆ ಎದ್ದಾಗ ಬರಿಯ ಕರುಣೆ ಸಾಲದು. ಆಗ ಹಿರಿಯರ ಮಾತಿನ ಬೆಲೆ ತಿಳಿಯುತ್ತದೆ. ತಮಿಳುನಾಡಿನ ನಾಗಪಟ್ಟಣದ ಕಡಲತೀರದಲ್ಲಿ 2004ರ ಕೊನೆಯ ವಾರದಿಂದ ಮುಂದಿನ ಕೆಲವು ವರ್ಷಗಳ ಕಾಲ ನಡೆದ ಸಂಗತಿಗಳು ಈ ಮಾತಿಗೆ ಸಾಕ್ಷಿಯಾಗಿವೆ.

ಆ ವರ್ಷದ ಡಿಸೆಂಬರ್ 26, ಭಾನುವಾರ. ಅಂದು ಹುಣ್ಣಿಮೆ. ಕ್ರಿಸ್ತಜಯಂತಿಯ ಮರುದಿನವಾದ್ದರಿಂದ ವೇಳಾಂಗಣ್ಣಿಯ ಮಾತೆಯ ದೇಗುಲಕ್ಕೆ ದೂರದೂರದ ಯಾತ್ರಿಕರು ಬಂದು ನೆರೆದಿದ್ದರು. ಬೆಳಗ್ಗೆ 6 ಗಂಟೆ 29 ನಿಮಿಷಕ್ಕೆ ಸುಮಾತ್ರಾ ದ್ವೀಪದ ಬಳಿ ಸಮುದ್ರದ ತಳದಲ್ಲಿ ಭೂಮಿ ನಡುಗಿತು. ಕಡಲ ತಳವೇ ಮೇಲಕ್ಕೆ ಎತ್ತಲ್ಪಟ್ಟಿದ್ದರಿಂದ ಅದರ ಮೇಲಿನ ಅಪಾರ ಜಲರಾಶಿಯು ಅಲೆಯಾಗಿ ನಾಲ್ಕು ದಿಕ್ಕಿಗೂ ಹೊರಟಿತು. ಎರಡು ಗಂಟೆಗೂ ಹೆಚ್ಚು ಕಾಲ ಕಳೆದು, ಸುಮಾರು ಒಂಬತ್ತು ಗಂಟೆಯ ಹೊತ್ತಿಗೆ ಆ ಅಲೆಗಳು ತಮಿಳುನಾಡಿನ ತೀರವನ್ನು ಅಪ್ಪಳಿಸಿದವು. ಅಷ್ಟು ಹೊತ್ತು ಅವಕಾಶವಿತ್ತು. ಆದರೆ ಎಚ್ಚರಿಸುವವರು ಇರಲಿಲ್ಲ. ‘ಸುನಾಮಿ’ ಎಂಬ ಜಪಾನೀ ಪದವನ್ನು ಅಂದಿನ ತನಕ ತೀರದ ಜನ ಕೇಳಿಯೇ ಇರಲಿಲ್ಲ. ಬಂದರಿನ ಅಲೆ ಎಂಬುದು ಆ ಪದದ ಅರ್ಥ. ಈ ಹೆಸರು ಬಂದುದರಲ್ಲಿ ಔಚಿತ್ಯವಿದೆ. ಆಳವಾದ ಕಡಲಿನಲ್ಲಿ ಈ ಅಲೆ ಗೊತ್ತಾಗದಷ್ಟು ತಗ್ಗಾಗಿರುತ್ತದೆ; ದಡದ ಸಮೀಪಕ್ಕೆ ಬಂದಾಗಲೇ ಅದು ತಲೆಯೆತ್ತಿ ನಿಲ್ಲುತ್ತದೆ.

ಆದ್ದರಿಂದ ಅಂದು ಒಂದು ವಿಪರೀತವಾಯಿತು. ಪ್ರಾಣವನ್ನು ಪಣಕ್ಕಿಟ್ಟು ನಡುಗಡಲಿಗೆ ಹೋಗಿದ್ದ ಗಂಡಸರು ಬದುಕಿ ಉಳಿದರು. ದಡದಲ್ಲಿ ಸುರಕ್ಷಿತವಾಗಿದ್ದಾರೆಂದು ಅವರು ನಂಬಿದ್ದ ಹೆಂಡಿರು ಮಕ್ಕಳು ಕೊಚ್ಚಿಹೋದರು. ದೋಣಿಗಳು ತರುವ ಮೀನನ್ನು ಕೊಂಡು ಮಾರಲು ಹೆಂಗಸರು ಬುಟ್ಟಿಗಳೊಡನೆ ಮರಳಿನ ಮೇಲೆ ಕಾದಿದ್ದರು. ಶಾಲೆಗೆ ರಜೆಯಿದ್ದುದರಿಂದ ಮಕ್ಕಳು ಅಲ್ಲಿಯೇ ಆಡುತ್ತಿದ್ದರು. ನಾಗಪಟ್ಟಣದ ಬಂದರಿನ ಪಕ್ಕದ ಕೀಚಾಂಕುಪ್ಪಂ, ಅಕ್ಕರೈಪೇಟೆ ಮೊದಲಾದ ಊರುಗಳಲ್ಲಿ ಬೀದಿಗೆ ಬೀದಿಯೇ ಇಲ್ಲವಾಯಿತು. ಆ ಒಂದು ಜಿಲ್ಲೆಯಲ್ಲಿಯೇ ಸತ್ತವರ ಸಂಖ್ಯೆ 6,000ವನ್ನು ಮೀರಿತು. ತಮಿಳುನಾಡಿನಲ್ಲಿ ಒಟ್ಟು ಸುಮಾರು 8,000 ಮಂದಿ ಮಡಿದರು.

ದುಃಖದ ವಾರ್ತೆ ಹರಡಿದ ಕೂಡಲೇ ಸಹಾಯವೂ ಹರಿದುಬಂದಿತು. ಕಡಲೂರು ಜಿಲ್ಲೆಯ ಪರಂಗಿಪೇಟೆಯ ಮುಸಲ್ಮಾನ ಜಮಾತಿನವರು ಅದೇ ದಿನ ನೆರೆಯ ಮೀನುಗಾರರಿಗೆ ಅನ್ನವಿಕ್ಕಿದರು. ಶವಸಂಸ್ಕಾರಕ್ಕೂ ಹೆಗಲು ಕೊಟ್ಟರು. ಅವರು ಯಾರ ಅಪ್ಪಣೆಗೂ ಕಾಯಲಿಲ್ಲ, ಯಾವ ಜಾತಿಮತವೆಂದೂ ವಿಚಾರಿಸಲಿಲ್ಲ. ಕಾಲೇಜಿನ ಹುಡುಗರು, ವೈದ್ಯರು, ಸನ್ಯಾಸಿಗಳು, ಕಚೇರಿಗೆ ರಜೆ ಹಾಕಿ ಬಂದ ನೌಕರರು ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಸರಿನಿಂದ ಹೆಣಗಳನ್ನು ಎತ್ತಿದರು. ಅವರಲ್ಲಿ ಬೆಂಗಳೂರಿನಿಂದ ಹೋದವರೂ ಇದ್ದರು. ಹಿಂದೆಂದೂ ಶವವನ್ನು ಮುಟ್ಟದಿದ್ದ ಎಳೆಯರು ಅಂತಹ ಕೆಲಸಕ್ಕೆ ನಿಂತುದು ಸಾಮಾನ್ಯ ಸಂಗತಿಯಲ್ಲ.

ಅನಂತರ ಬಂದವು ಲಾರಿಗಳು. ಅವುಗಳಲ್ಲಿ ಅಕ್ಕಿ ಬೇಳೆಗಳಿದ್ದವು, ಪಾತ್ರೆಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಹಳೆಯ ಬಟ್ಟೆಗಳಿದ್ದವು. ಊರೂರಿನ ಗೃಹಿಣಿಯರು ಬೀರುಗಳನ್ನು ತೆರೆದು, ಉಟ್ಟು ಬಿಟ್ಟ ಸೀರೆ, ಅಂಗಿ, ಷರಾಯಿಗಳನ್ನು ಗಂಟು ಕಟ್ಟಿ ಕಳಿಸಿದ್ದರು. ಅವರ ಮನಸ್ಸಿನಲ್ಲಿ ಕನಿಕರವೇ ಇತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾಗಪಟ್ಟಣದ ರಸ್ತೆಗಳ ಇಕ್ಕೆಲಗಳಲ್ಲಿ ಆ ಬಟ್ಟೆಗಳು ರಾಶಿರಾಶಿಯಾಗಿ ಬಿದ್ದವು. ಮೀನುಗಾರರು ಅವನ್ನು ಮುಟ್ಟಲಿಲ್ಲ. ಮಳೆ ಬಿಸಿಲಿಗೆ ಸಿಕ್ಕಿ ಅವು ಕೊಳೆತವು. ಅವನ್ನು ಸಾಗಿಸುವುದೇ ಅಧಿಕಾರಿಗಳಿಗೆ ಹೊಸದೊಂದು ತಲೆನೋವಾಯಿತು.

ಇದನ್ನು ಕಂಡು ಕೆಲವರು ಕೋಪಗೊಂಡರು. ಉಡಲು ಬಟ್ಟೆಯಿಲ್ಲದವರಿಗೆ ಇಷ್ಟು ಬಿಗುಮಾನವೇ ಎಂದು ಕೇಳಿದರು. ಇದಕ್ಕೆ ಉತ್ತರ ಕಠಿಣವಲ್ಲ. ನಿನ್ನೆಯ ತನಕ ಆ ಜನ ಯಾರ ಬಾಗಿಲಿಗೂ ಹೋಗಿ ಕೈಯೊಡ್ಡಿದವರಲ್ಲ. ಸಮುದ್ರಕ್ಕೆ ಹೋಗಿ, ದುಡಿದು, ಮೀನು ಮಾರಿ, ಹಬ್ಬಕ್ಕೆ ಹೊಸಬಟ್ಟೆ ಕೊಂಡು ಉಡುತ್ತಿದ್ದವರು. ಅಲೆ ಅವರ ಮನೆಯನ್ನು ಒಯ್ದಿತ್ತು, ಮಾನವನ್ನು ಒಯ್ದಿರಲಿಲ್ಲ. ತನ್ನ ಮನೆಯ ಮಗಳು ಉಡಲೊಲ್ಲದ ಸೀರೆಯನ್ನು ಬೇರೊಬ್ಬರ ಮಗಳು ಸಂಕಟದಲ್ಲಿ ಇದ್ದಾಳೆಂಬ ಒಂದೇ ಕಾರಣಕ್ಕೆ ಉಡಬೇಕೆಂದು ಬಯಸುವುದರಲ್ಲಿ ಕರುಣೆಯೂ ಇದೆ, ಸ್ವಲ್ಪ ಮರೆವೂ ಇದೆ.

ಸ್ವಯಂಸೇವಕರಲ್ಲಿ ಬುದ್ಧಿವಂತರಾದವರು ಈ ಪಾಠವನ್ನು ಬೇಗನೆ ಕಲಿತರು. 2005ರ ಜನವರಿಯ ಮೊದಲ ದಿನಗಳಲ್ಲಿಯೇ, ಬಂದಿಳಿದಿದ್ದ ನೂರಾರು ಸೇವಾಸಂಸ್ಥೆಗಳ ಕೆಲಸವನ್ನು ಹೊಂದಿಸಲು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಒಂದು ಕೇಂದ್ರವು ಆರಂಭವಾಯಿತು. ಇದರ ಹಿಂದೆ ತಿರುವನಂತಪುರದಲ್ಲಿ ಕೇಂದ್ರ ಕಚೇರಿಯುಳ್ಳ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟ, ನಾಗಪಟ್ಟಣದ ಮೀನುಗಾರ ಮಹಿಳೆಯರ ನಡುವೆ ಮೊದಲಿನಿಂದಲೂ ದುಡಿಯುತ್ತಿದ್ದ ‘ಸ್ನೇಹಾ’ ಸಂಸ್ಥೆ ಮೊದಲಾದವು ಇದ್ದವು. ಅಲ್ಲಿಯ ಕೆಲಸ ನೋಡುವವರಿಗೆ ರೋಮಾಂಚಕಾರಿಯಾದುದಲ್ಲ. ಯಾವ ಊರಿನಲ್ಲಿ ಎಷ್ಟು ಕುಟುಂಬ, ಎಷ್ಟು ಬಲೆ ಹೋಗಿದೆ, ಎಷ್ಟು ಎಂಜಿನು ಕೆಟ್ಟಿದೆ, ಯಾರಿಗೆ ಏನು ಸಿಕ್ಕಿದೆ, ಏನು ಸಿಕ್ಕಿಲ್ಲ ಎಂದು ಪಟ್ಟಿ ಮಾಡುವುದು. ಒಂದೇ ಊರಿಗೆ ನಾಲ್ಕು ಸಂಸ್ಥೆಗಳು ಹೋಗಿ, ಪಕ್ಕದ ಊರಿಗೆ ಯಾರೂ ಹೋಗದಂತಾಗುವುದನ್ನು ತಪ್ಪಿಸುವುದು. ದಿನವಿಡೀ ಲೆಕ್ಕ ಬರೆಯುತ್ತ ಕುಳಿತ ತರುಣನ ಚಿತ್ರವನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಆದರೂ ಹಸಿದವನ ಬಾಗಿಲಿಗೆ ಅಕ್ಕಿ ತಲುಪುವುದು ಅವನ ಪಟ್ಟಿ ಸರಿಯಾಗಿದ್ದಾಗಲೇ. ಪುಣ್ಯದ ಕೆಲಸಕ್ಕೂ ಗುಮಾಸ್ತಿಕೆ ಬೇಕು.

ಪಟ್ಟಿಯನ್ನು ಯಾರು ಕೊಡಬೇಕು? ಈ ತೀರದ ಪಟ್ಟಿನವರ್ ಎಂಬ ಮೀನುಗಾರ ಸಮುದಾಯದಲ್ಲಿ ಊರಿಗೊಂದು ಪಂಚಾಯಿತಿ ಉಂಟು. ಉಡುಪಿ, ಮಂಗಳೂರು ತೀರದ ಮೊಗವೀರರಲ್ಲಿ ಗುರಿಕಾರರಿಗೆ ಇದ್ದ ಸ್ಥಾನವನ್ನು ಬಲ್ಲವರಿಗೆ ಇದರ ಪರಿಚಯ ಸುಲಭವಾಗುತ್ತದೆ. ಹಿರಿಯರು ಕುಳಿತು ತೀರ್ಮಾನಿಸಿದರೆ ಊರು ಅದಕ್ಕೆ ತಲೆಬಾಗುತ್ತದೆ. ಬಂದ ಪದಾರ್ಥವನ್ನೆಲ್ಲ ಒಂದೆಡೆ ಸೇರಿಸಿ ಸಮಪಾಲು ಮಾಡುವ ಅವರ ಪದ್ಧತಿಯಿಂದ ನೂಕುನುಗ್ಗಲು, ಜಗಳಗಳು ಎಷ್ಟೋ ತಪ್ಪಿದವು. ಆದರೆ ಸಮಪಾಲಿನ ಆ ಲೆಕ್ಕದಲ್ಲಿ ಕೆಲವರು ಬರುತ್ತಲೇ ಇರಲಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸು, ಒಣಮೀನು ಮಾರಿ ಜೀವಿಸುವ ಒಂಟಿ ಮುದುಕಿ, ದಡದ ಹಿಂದಣ ಹೊಲಗಳಲ್ಲಿ ಕೂಲಿ ಮಾಡುವ ದಲಿತರು, ಹಿನ್ನೀರಿನಲ್ಲಿ ಬರಿಗೈಯಿಂದ ಸಿಗಡಿ ಹಿಡಿದು ಹೊಟ್ಟೆ ಹೊರೆಯುವ ಇರುಳರು. ಇವರಿಗೆ ದೋಣಿಯೂ ಇರಲಿಲ್ಲ, ಪಂಚಾಯಿತಿಯಲ್ಲಿ ದನಿಯೂ ಇರಲಿಲ್ಲ. ದೋಣಿಯನ್ನು ಕಳೆದುಕೊಂಡವನ ನಷ್ಟವನ್ನು ಎಣಿಸಬಹುದು. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದವನ ನಷ್ಟವನ್ನು ಯಾವ ಅಂಕಣದಲ್ಲಿ ಬರೆಯಬೇಕು? ಊರ ಹಿರಿಯರನ್ನು ಎದುರು ಹಾಕಿಕೊಳ್ಳದೆ, ಅವರ ಮಾತನ್ನಷ್ಟೇ ಕೇಳಿ ಹಿಂದಿರುಗದೆ, ಕೇರಿಯ ಕೊನೆಯ ಗುಡಿಸಿಲಿನ ತನಕ ನಡೆದುಹೋಗಿ ವಿಚಾರಿಸಿದ ಸ್ವಯಂಸೇವಕನೇ ಈ ಪ್ರಶ್ನೆಗೆ ಉತ್ತರ ಕಂಡುಕೊಂಡನು.

ದೋಣಿಗಳ ಕಥೆಯೂ ವಿಚಾರ ಮಾಡತಕ್ಕದ್ದೇ. ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಟ್ಟುವ ‘ಕಟ್ಟುಮರ’ ಈ ತೀರದ ಪುರಾತನ ವಾಹನ. ಇಂಗ್ಲಿಷರ ‘ಕ್ಯಾಟಮರಾನ್’ ಎಂಬ ಮಾತು ಹುಟ್ಟಿದುದೂ ಇದರಿಂದಲೇ. ಸುನಾಮಿಯ ನಂತರ ದಾನಿಗಳಿಗೆಲ್ಲ ದೋಣಿ ಕೊಡುವ ಉತ್ಸಾಹ ಬಂದಿತು. ಹೊಚ್ಚ ಹೊಸ ನಾರುಗಾಜಿನ ದೋಣಿಯ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದು ಎಷ್ಟು ಚೆನ್ನ! ಕೊಟ್ಟದ್ದೇ ಕೊಟ್ಟದ್ದು. ಕೆಲವು ಕಡೆ ದೋಣಿಗಳ ಸಂಖ್ಯೆ ಮೊದಲಿದ್ದುದಕ್ಕಿಂತಲೂ ಹೆಚ್ಚಾಯಿತು. ಅವಸರದಲ್ಲಿ ತಯಾರಾದ ಕೆಲವು ದೋಣಿಗಳು ಕಡಲಿನ ಪೆಟ್ಟನ್ನು ತಾಳುವಂತಿರಲಿಲ್ಲ. ದೋಣಿ ಹೆಚ್ಚಿದರೆ ಮೀನು ಹೆಚ್ಚುವುದೇ? ಹಿಂದೆ ಒಂದು ದೋಣಿಯಲ್ಲಿ ಆಳಾಗಿ ಹೋಗುತ್ತಿದ್ದವರು ತಾವೇ ಒಡೆಯರಾದಾಗ, ಜೊತೆಗೆ ಬರಲು ಆಳುಗಳು ಸಿಗದಂತಾಯಿತು. ಇದಕ್ಕಿಂತ ಒಳ್ಳೆಯ ಕೆಲಸ ಮಾಡಿದವರು ಬೇರೆ. ಅವರು ಮರಳಿನಲ್ಲಿ ಹೂತಿದ್ದ ಎಂಜಿನುಗಳನ್ನು ಅಗೆದು ತೆಗೆದು, ಬಿಚ್ಚಿ, ಉಪ್ಪು ಮರಳುಗಳನ್ನು ತೊಳೆದು, ಮತ್ತೆ ಜೋಡಿಸಿ ಕೊಟ್ಟ ಯಂತ್ರಕುಶಲಿಗಳು. ಹರಿದ ಹಲಗೆಗೆ ತೇಪೆ ಹಾಕಿದ ದೋಣಿಯ ಚಿತ್ರ ಅಷ್ಟು ಅಂದವಾಗಿ ಬರುವುದಿಲ್ಲ. ಆದರೆ ಅದು ಅದರ ಒಡೆಯನಿಗೆ ಗೊತ್ತಿರುವ ದೋಣಿ.

ಇಷ್ಟಾಗಿಯೂ ಒಂದು ತೊಡಕು ಉಳಿದಿತ್ತು. ಕಡಲಿನ ಮೀನುಗಳು ಹೆಣಗಳನ್ನು ತಿಂದಿವೆ ಎಂಬ ವದಂತಿ ಹಬ್ಬಿ, ಪೇಟೆಯಲ್ಲಿ ಮೀನನ್ನು ಕೊಳ್ಳುವವರಿಲ್ಲದಂತಾಯಿತು. ಬಟ್ಟೆಯ ಗಂಟು ಕಳಿಸಿದ ಕೈಗಳೇ ಮೀನಿನ ಬುಟ್ಟಿಯನ್ನು ದೂರ ಸರಿಸಿದವು. ಮೀನು ತಿನ್ನುವ ಮನೆಗಳು ಆಗ ಎಂದಿನಂತೆ ಮೀನು ಕೊಂಡಿದ್ದರೆ, ಅದೂ ಒಂದು ದೊಡ್ಡ ಸಹಾಯವಾಗುತ್ತಿತ್ತು!

ಮನೆಗಳ ವಿಷಯಕ್ಕೆ ಬರೋಣ. ಮೊದಲು ಕಟ್ಟಿದ ತಾತ್ಕಾಲಿಕ ವಸತಿಗಳಿಗೆ ಡಾಂಬರು ಸವರಿದ ಕರಿಯ ಹಾಳೆಗಳನ್ನು ಹೊದಿಸಲಾಗಿತ್ತು. ಬೇಸಿಗೆಯಲ್ಲಿ ಅವು ಬಾಣಲೆಯಂತೆ ಕಾದವು. ಶಾಶ್ವತ ಮನೆಗಳಿಗಾಗಿ 2005ರ ಮಾರ್ಚ್ 30ರಂದು ಸರ್ಕಾರದ ಆಜ್ಞೆ ಹೊರಟಿತು. ಸೇವಾಸಂಸ್ಥೆಗಳು ಸರ್ಕಾರದೊಡನೆ ಸೇರಿ ಮನೆಗಳನ್ನು ಕಟ್ಟಿಕೊಡಬಹುದಾಗಿತ್ತು. ಉಬ್ಬರದ ಗೆರೆಯಿಂದ 200 ಮೀಟರಿನ ಒಳಗೆ ಇದ್ದವರು ಅದರಾಚೆಗೆ ಹೋಗಲು ಒಪ್ಪಿ, ಹಳೆಯ ನಿವೇಶನವನ್ನು ಬಿಟ್ಟುಕೊಟ್ಟರೆ ಹೊಸ ಮನೆ ಸಿಗುತ್ತಿತ್ತು. ಒಡನೆಯೇ ಗುತ್ತಿಗೆದಾರರು ಬಂದರು, ಬುಲ್ಡೋಜರುಗಳು ಬಂದವು. ನೆಲವನ್ನು ಮಟ್ಟ ಮಾಡುವ ಅವಸರದಲ್ಲಿ ಅನೇಕ ಊರುಗಳಲ್ಲಿ, ಅಲೆಗೆ ಎದೆಯೊಡ್ಡಿ ಉಳಿದಿದ್ದ ಮರಗಳನ್ನು ಕಡಿದು ಕೆಡವಲಾಯಿತು. ಬಲೆ ನೇಯುವುದು, ಮಗುವನ್ನು ತೂಗುವುದು, ಮಧ್ಯಾಹ್ನ ಒಂದಿಷ್ಟು ಕಣ್ಣು ಮುಚ್ಚುವುದು, ಊರ ನ್ಯಾಯ ಮಾತನಾಡುವುದು ಎಲ್ಲವೂ ನಡೆಯುತ್ತಿದ್ದುದು ಆ ಮರಗಳ ನೆರಳಿನಲ್ಲಿ. ಅವು ಹೋದ ಮೇಲೆ ಉಳಿದುದು ಸೇನೆಯ ಸಾಲಿನಂತೆ ನಿಂತ ಸಿಮೆಂಟಿನ ಪೆಟ್ಟಿಗೆಗಳು ಮತ್ತು ಅವುಗಳ ಮೇಲೆ ಸುರಿಯುವ ಬಿಸಿಲು. ಅಂತಹ ಮನೆಯ ಮುಂದೆ ಕೆಲವರು ಮತ್ತೆ ತೆಂಗಿನ ಗರಿಯ ಚಪ್ಪರ ಕಟ್ಟಿಕೊಂಡು ಅದರ ಕೆಳಗೇ ದಿನ ಕಳೆದರು. ಇವರು ಕೃತಘ್ನರಲ್ಲ. ಕಟ್ಟುವ ಮೊದಲು ಯಾರೂ ಇವರನ್ನು ಕೇಳಿರಲಿಲ್ಲ, ಅಷ್ಟೆ.

ಕೇಳಿ ಕಟ್ಟಿದ ಊರೂ ಒಂದಿದೆ. 1620ರಲ್ಲಿ ಡೇನಿಷರು ಕೋಟೆ ಕಟ್ಟಿದ ತರಂಗಂಬಾಡಿ ಆಗ ನಾಗಪಟ್ಟಣ ಜಿಲ್ಲೆಗೆ ಸೇರಿತ್ತು; 2020ರಿಂದ ಅದು ಮೈಲಾಡುತುರೈ ಜಿಲ್ಲೆಯಲ್ಲಿದೆ. ಹಾಡುವ ಅಲೆಗಳ ನೆಲೆ ಎಂದು ಆ ಹೆಸರಿಗೆ ಅರ್ಥ ಹೇಳುತ್ತಾರೆ. ಅಲ್ಲಿ ಮೀನುಗಾರರ ಒಕ್ಕೂಟವು ವಾಸ್ತುಶಿಲ್ಪಿ ಬೆನ್ನಿ ಕುರಿಯಾಕೋಸ್ ಅವರ ನೆರವಿನಿಂದ ಮನೆಗಳನ್ನು ಕಟ್ಟಲು ಹೊರಟಾಗ, ಮೊದಲು ಇಟ್ಟಿಗೆ ತರಿಸಲಿಲ್ಲ. ಜನರನ್ನು ಕೂರಿಸಿ ಮಾತನಾಡಿಸಿತು. ಅಡಿಗೆಮನೆ ಯಾವ ಮೂಲೆಗೆ ಬೇಕು, ಬಾಗಿಲು ಯಾವ ದಿಕ್ಕಿಗೆ ಬೇಕು, ಜಗುಲಿ ಎಷ್ಟು ಅಗಲವಿರಬೇಕು, ಇರುವ ಮರವನ್ನು ಉಳಿಸಿಕೊಂಡು ಗೋಡೆಯನ್ನು ಎಲ್ಲಿ ಎಬ್ಬಿಸಬೇಕು ಎಂಬುದನ್ನು ಮನೆಯವರೇ ಹೇಳಿದರು. ಹೀಗೆ ಮಾಡಿದ್ದರಿಂದ ಕೆಲಸ ನಿಧಾನವಾಯಿತು. ಅತ್ತ ಬೇರೆ ಊರುಗಳಲ್ಲಿ ಬೀಗದ ಕೈ ಹಸ್ತಾಂತರಿಸುವ ಸಮಾರಂಭಗಳು ನಡೆಯುತ್ತಿದ್ದಾಗ ಇಲ್ಲಿ ಇನ್ನೂ ಚರ್ಚೆ ಸಾಗಿತ್ತು. ಟೀಕಿಸಿದವರೂ ಇದ್ದರು. ಆದರೆ ಮನೆ ಒಂದು ದಿನದ ಸಮಾರಂಭಕ್ಕಲ್ಲ. ಮೂವತ್ತು ನಲವತ್ತು ವರ್ಷದ ಬಾಳಿಗೆ. ಮಗಳ ಮದುವೆಯಾಗಿ, ಸೊಸೆ ಬಂದು, ಮೊಮ್ಮಕ್ಕಳು ಓಡಾಡುವಷ್ಟು ಕಾಲ ಬಾಳಬೇಕಾದ ಮನೆಗೆ ಆರು ತಿಂಗಳು ತಡವಾದರೆ ಅದೊಂದು ನಷ್ಟವೇ?

ಮೀನುಗಾರರ ಬೆನ್ನಿಗೆ ರೈತರೂ ಇದ್ದರು. ಕಡಲ ನೀರು ನುಗ್ಗಿ ಭತ್ತದ ಗದ್ದೆಗಳ ಮೇಲೆ ಉಪ್ಪೂ ಕೆಸರೂ ಕುಳಿತಿದ್ದವು. ಇನ್ನು ಹಲವಾರು ವರ್ಷ ಇಲ್ಲಿ ಬೆಳೆ ಬಾರದೆಂದು ಅನೇಕರು ಕೈಚೆಲ್ಲಿದರು. ಸ್ವಯಂಸೇವಕರು ರೈತರೊಡನೆ ಸೇರಿ ಮೇಲಿನ ಕೆಸರನ್ನು ಕೆರೆದು ತೆಗೆದರು, ಬದುಗಳನ್ನು ಎತ್ತರಿಸಿ ಮಳೆಯ ನೀರನ್ನು ನಿಲ್ಲಿಸಿ ಉಪ್ಪನ್ನು ತೊಳೆದು ಹರಿಸಿದರು, ಜಿಪ್ಸಂ ಹಾಕಿದರು, ಡಯಂಚ ಎಂಬ ಹಸಿರುಗೊಬ್ಬರದ ಗಿಡವನ್ನು ಬೆಳೆಸಿ ಹೂ ಬಿಡುವ ಮೊದಲೇ ಉತ್ತು ಮಣ್ಣಿಗೆ ಸೇರಿಸಿದರು. 2005ರ ಹಿಂಗಾರು ಮಳೆಯೂ ಕೈಗೂಡಿಸಿತು. ನಿರೀಕ್ಷಿಸಿದ್ದಕ್ಕಿಂತ ಬೇಗನೆ ಎಷ್ಟೋ ಗದ್ದೆಗಳು ಮತ್ತೆ ಹಸಿರಾದವು.

ಮಣ್ಣಿನ ಉಪ್ಪನ್ನು ತೊಳೆಯಬಹುದು. ಮನಸ್ಸಿನದನ್ನು ತೊಳೆಯುವುದು ಹೇಗೆ? ಪುದುಚೇರಿಯ ಬಳಿಯ ಆರೋವಿಲ್ಲಿನಲ್ಲಿ ‘ಉಪಾಸನಾ’ ಎಂಬ ಉಡುಪು ವಿನ್ಯಾಸ ಕೇಂದ್ರವನ್ನು ನಡೆಸುತ್ತಿದ್ದ ಉಮಾ ಪ್ರಜಾಪತಿಯವರು 2005ರಲ್ಲಿ ಒಂದು ಉಪಾಯ ಮಾಡಿದರು. ಸುತ್ತಲಿನ ಹಳ್ಳಿಗಳ ಮೀನುಗಾರ ಮಹಿಳೆಯರನ್ನು ಕರೆದು, ಹೊಲಿಗೆಯಲ್ಲಿ ಉಳಿದ ಚೂರುಬಟ್ಟೆಗಳಿಂದ ಬೆರಳುದ್ದದ ಗೊಂಬೆಗಳನ್ನು ಮಾಡಲು ಕಲಿಸಿದರು. ಗೊಂಬೆಗೆ ‘ಸುನಾಮಿಕಾ’ ಎಂದು ಹೆಸರಾಯಿತು. ಅದನ್ನು ಮಾರುವಂತಿಲ್ಲ, ಉಡುಗೊರೆಯಾಗಿ ಕೊಡಬೇಕು. ಪಡೆದವರು ಇಷ್ಟಬಂದಷ್ಟು ಕಾಣಿಕೆ ಕಳಿಸಿದರೆ, ಅದರಿಂದ ಗೊಂಬೆ ಮಾಡಿದವಳಿಗೆ ಕೂಲಿ. ದಿನವಿಡೀ ಗೋಡೆಗೆ ಒರಗಿ ಶೂನ್ಯವನ್ನು ನೋಡುತ್ತಿದ್ದ ತಾಯಂದಿರು ಒಟ್ಟಿಗೆ ಕುಳಿತು ಸೂಜಿ ಹಿಡಿದರು. ಕೈ ಕೆಲಸದಲ್ಲಿ ತೊಡಗಿದಾಗ ಬಾಯಿಯೂ ಸಡಿಲವಾಯಿತು. ಅತ್ತರು, ಮಾತನಾಡಿದರು, ಎಷ್ಟೋ ದಿನಗಳ ಮೇಲೆ ಒಮ್ಮೊಮ್ಮೆ ನಕ್ಕರು. ಅಂದಿನ ತನಕ ಬರಿಯ ಪಡೆಯುವವರಾಗಿದ್ದವರು ಈಗ ಲೋಕಕ್ಕೆ ಏನನ್ನಾದರೂ ಕೊಡುವವರಾದರು. ಹಳೆಯ ಬಟ್ಟೆಯ ರಾಶಿಗೂ ಈ ಚೂರುಬಟ್ಟೆಯ ಗೊಂಬೆಗೂ ಎಷ್ಟು ಅಂತರ!

ಆಪತ್ತು ಬಂದ ಮೇಲೆ ಓಡಿಹೋಗುವುದಕ್ಕಿಂತ, ಬರುವ ಮೊದಲೇ ಮಾಡಿದ ಸೇವೆ ದೊಡ್ಡದೆಂಬುದಕ್ಕೂ ಈ ತೀರದಲ್ಲಿಯೇ ನಿದರ್ಶನಗಳಿವೆ. ವೇದಾರಣ್ಯದ ಸಮೀಪದ ನಾಲುವೇದಪತಿ ಎಂಬ ಹಳ್ಳಿಯ ಜನ 2002ರಲ್ಲಿ ಒಂದೇ ದಿನ 80,244 ಸಸಿಗಳನ್ನು ನೆಟ್ಟು ಗಿನ್ನೆಸ್ ದಾಖಲೆ ಮಾಡಿದ್ದರು. ದಾಖಲೆಯ ಹುಚ್ಚೆಂದು ಅಂದು ನಕ್ಕವರಿದ್ದಿರಬಹುದು. ಎರಡು ವರ್ಷಗಳ ಮೇಲೆ ಅಲೆ ಬಂದಾಗ ದಡದ ಮರಗಳ ಸಾಲು ಅದರ ರಭಸವನ್ನು ಮುರಿದು ಊರನ್ನು ಕಾಯಿತು. ಪುದುಚೇರಿಯ ನಲ್ಲವಾಡು ಗ್ರಾಮದಲ್ಲಿ ಎಂ. ಎಸ್. ಸ್ವಾಮಿನಾಥನ್ ಅವರ ಪ್ರತಿಷ್ಠಾನವು ಒಂದು ಜ್ಞಾನಕೇಂದ್ರವನ್ನು ನಡೆಸುತ್ತಿತ್ತು. ಕಡಲಿನ ಹವೆ, ಮೀನಿನ ಧಾರಣೆ ಮುಂತಾದುವನ್ನು ಧ್ವನಿವರ್ಧಕದಲ್ಲಿ ಸಾರುವುದು ಅದರ ದಿನದ ಕೆಲಸ. ಆ ಊರಿನ ತರುಣನೊಬ್ಬನು ಆಗ ಸಿಂಗಪುರದಲ್ಲಿದ್ದನು. ಅಂದಿನ ಬೆಳಗ್ಗೆ ವಾರ್ತೆಯಿಂದ ಅಪಾಯವನ್ನು ಅರಿತು ಮನೆಗೆ ದೂರವಾಣಿ ಮಾಡಿದನು. ಒಡನೆಯೇ ಧ್ವನಿವರ್ಧಕ ಕೂಗಿತು. ಊರಿಗೆ ಊರೇ ಮೇಲಕ್ಕೆ ಓಡಿತು. ಮನೆಗಳು ಹೋದವು, ಜೀವಗಳು ಉಳಿದವು. ಇಂದು ಹೈದರಾಬಾದಿನಲ್ಲಿ 2007ರ ಅಕ್ಟೋಬರಿನಿಂದ ಸುನಾಮಿ ಮುನ್ನೆಚ್ಚರಿಕೆಯ ಕೇಂದ್ರವು ಹಗಲಿರುಳೂ ಕಡಲನ್ನು ಕಾಯುತ್ತಿದೆ. ಆದರೆ ಅದರ ಎಚ್ಚರಿಕೆಯನ್ನು ಕೊನೆಯ ಗುಡಿಸಿಲಿಗೆ ಮುಟ್ಟಿಸಲು ಇಂದಿಗೂ ಊರಿನಲ್ಲಿ ಒಬ್ಬನು ಎದ್ದು ಕೂಗಬೇಕು.

ಮುಂದೆಯೂ ಚಂಡಮಾರುತಗಳು ಬರುತ್ತವೆ, ನೆರೆಗಳು ಬರುತ್ತವೆ. ಮನೆಮನೆಗೂ ಸಹಾಯದ ಕರೆ ಬರುತ್ತದೆ. ಆಗ ಬೀರುವನ್ನು ತೆರೆಯುವ ಮೊದಲು, ಅಲ್ಲಿರುವವರಿಗೆ ಬೇಕಾದುದು ಏನೆಂದು ವಿಚಾರಿಸುವುದು ಒಳ್ಳೆಯದು. ಬಟ್ಟೆಯೇ ಬೇಕೆಂದರೆ, ಎರಡೇ ಆದರೂ ಹೊಸದಾಗಿರಲಿ. ಹೋಗಿ ದುಡಿಯುವ ಉತ್ಸಾಹವುಳ್ಳ ಮಕ್ಕಳು ಮನೆಯಲ್ಲಿದ್ದರೆ, ಮೊದಲ ವಾರದ ಗದ್ದಲದಲ್ಲಿ ಅಲ್ಲದಿದ್ದರೂ ಆರು ತಿಂಗಳ ಮೇಲೆ, ಚಿತ್ರ ತೆಗೆಯುವವರೆಲ್ಲ ಹಿಂದಿರುಗಿದ ಮೇಲೆ ಹೋಗಲಿ. ಲೆಕ್ಕ ಬರೆಯುವವರು, ಎಂಜಿನು ತೊಳೆಯುವವರು, ಕುಳಿತು ಕೇಳುವವರು ಬೇಕಾಗುವುದು ಆಗಲೇ.

ಸಹಾಯ ಪಡೆದವರು ಯಾವಾಗಲೂ ಪಡೆಯುವವರಾಗಿಯೇ ಉಳಿಯುತ್ತಾರೆಂದು ತಿಳಿಯುವಂತಿಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ ನಗರ ನೀರಿನಲ್ಲಿ ಮುಳುಗಿದಾಗ, ಬೀದಿಗಳಲ್ಲಿ ದೋಣಿ ನಡೆಸಿ ಮಹಡಿಗಳಿಂದ ನಗರವಾಸಿಗಳನ್ನು ಇಳಿಸಿಕೊಂಡವರು ಕಡಲತೀರದ ಮೀನುಗಾರರು. 2004ರ ಅಲೆ ಕೇರಳದ ಕೊಲ್ಲಂ, ಆಲಪ್ಪುಳದ ಕರಾವಳಿಗಳನ್ನೂ ಬಡಿದಿತ್ತು. 2018ರ ಆಗಸ್ಟ್ ತಿಂಗಳಿನಲ್ಲಿ ಕೇರಳದ ಒಳನಾಡು ನೆರೆಯಲ್ಲಿ ಸಿಕ್ಕಿದಾಗ, ಆ ರಾಜ್ಯದ ಸಾವಿರಾರು ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿಕೊಂಡು, ಯಾರೂ ಕರೆಯುವ ಮುನ್ನವೇ ಹೊರಟುಬಂದರು. ನೀರಿನಿಂದ ದೋಣಿಗೆ ಹತ್ತಲಾರದೆ ನಿಂತ ಹೆಂಗಸರನ್ನು ಕಂಡು, ಅವರಲ್ಲೊಬ್ಬನು ನೀರಿನಲ್ಲಿ ಮೊಣಕಾಲೂರಿ ಬಾಗಿ, ತನ್ನ ಬೆನ್ನನ್ನೇ ಮೆಟ್ಟಿಲಾಗಿ ಕೊಟ್ಟನು. ಅವರು ಒಬ್ಬೊಬ್ಬರಾಗಿ ಅದರ ಮೇಲೆ ಕಾಲಿಟ್ಟು ದೋಣಿಯನ್ನು ಏರಿದರು.